ಕವಡೆಯ ಬೆಲೆ

"ಅವನ ಮಾತಿಗೆ ಕವಡೆ ಕಾಸಿನ ಬೆಲೆಯಿಲ್ಲ" ಎಂದು ನಾವು ದಿನಕ್ಕೊಮ್ಮೆಯಾದರೂ ಆಡುತ್ತೇವೆ. ಆಡುವಾಗ ಕವಡೆಗೆ ಒಂದು ಕಾಲಕ್ಕೆ ಬೆಲೆಯಿತ್ತೆಂಬುದನ್ನು ಮರೆತಿರುತ್ತೇವೆ. ಕೊಪ್ಪಳದಿಂದ ಅತಿ ಸಮೀಪದ ಸಮುದ್ರವೆಂದರೂ ಇನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ನಮ್ಮ ಹಿರಿಯರಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ವಿರಳ. ಆದರೂ ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳ ಈ ನಾಲ್ಕು ಸೀಮೆಗಳಲ್ಲಿ ಹಳೆಯ ಮನೆಯೊಂದರ ಗೂಡು, ಸಂದೂಕು, ದನದ ಕೊಟ್ಟಿಗೆಗಳನ್ನು ಹುಡುಕಿದರೆ ನಾಲ್ಕು ಕವಡೆಗಳಾದರೂ ದೊರೆಯದಿರುವುದು ಅಪರೂಪ. ಸಮುದ್ರದ ಈ ಪ್ರಾಣಿಯ ಚಿಪ್ಪು ನಮ್ಮ ಎರೆಹೊಲದ ನಾಡಿಗೆ ಹೇಗೆ ಬಂದಿತು? ಇಲ್ಲಿ ಏನಾಗಿ ಬಾಳಿತು? ಈಗ ಅದನ್ನು ಹೇಗೆ ಕಾಪಾಡಬೇಕು? ಈ ಮೂರು ಪ್ರಶ್ನೆಗಳನ್ನು ಕುರಿತು ಎರಡು ಮಾತುಗಳನ್ನು ವಾಚಕರ ಮುಂದಿಡಲು ಬಯಸುತ್ತೇನೆ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಒಂದು ನಷ್ಟದಿಂದ. ಹಳೆಯ ಸಾಮಾನು ಕೊಳ್ಳುವವನೊಬ್ಬನು ನಮ್ಮೂರಿಗೆ ಬಂದಿದ್ದನು. ನಮ್ಮ ಅಜ್ಜಿ ಕೊಟ್ಟಿಗೆಯ ಗೂಟಕ್ಕೆ ತೂಗುಬಿದ್ದಿದ್ದ, ಎತ್ತಿನ ಹಣೆಗೆ ಕಟ್ಟುವ ಕವಡೆ ಪಟ್ಟಿಯೊಂದನ್ನು ಅವನಿಗೆ ಕೊಟ್ಟು, ಅದರ ಬದಲಿಗೆ ಒಂದು ಸ್ಟೀಲ್ ಡಬ್ಬಿಯನ್ನು ಪಡೆದಳು. ಸಂಜೆ ನಾನು ಕಾಲೇಜಿನಿಂದ ಬಂದಾಗ ಡಬ್ಬಿಯನ್ನು ತೋರಿಸಿ ಹಿಗ್ಗಿದಳು. ರಾತ್ರಿ ಊಟವಾದ ಮೇಲೆ ಮಾತ್ರ ಏನೋ ನೆನಪಾಗಿ, "ಕೊಟ್ಟುಬಿಟ್ಟೆನಲ್ಲೋ ತಮ್ಮಾ, ನಿಮ್ಮಜ್ಜ ಮೊದಲನೇ ಜೋಡೆತ್ತು ತಂದಾಗ ಕಟ್ಟಿದ್ದ ಪಟ್ಟಿ ಅದು" ಎಂದಳು. ಆ ಪಟ್ಟಿಯನ್ನು ಹೊಲಿದವರು ಯಾರು, ಕವಡೆ ತಂದದ್ದು ಯಾವ ಸಂತೆಯಿಂದ ಎಂಬುದನ್ನೆಲ್ಲ ಆಕೆ ಆ ರಾತ್ರಿ ಹೇಳಿದಳು. ಕೇಳುವ ನಾನಿದ್ದೆ; ಪಟ್ಟಿ ಇರಲಿಲ್ಲ. ಕೊಂಡವನ ಬಳಿ ಪಟ್ಟಿ ಇತ್ತು, ಈ ಮಾತುಗಳಿರಲಿಲ್ಲ.

ಕವಡೆಯೆಂಬುದು ಬೆಚ್ಚನೆಯ ಸಮುದ್ರದ ಹವಳದಿಬ್ಬಗಳಲ್ಲಿ ಬಾಳುವ ಒಂದು ಬಗೆಯ ಶಂಖದ ಹುಳುವಿನ ಚಿಪ್ಪು. ಜೀವಂತವಾಗಿರುವಾಗ ಹುಳುವಿನ ಮೆತ್ತನೆಯ ಹೊದಿಕೆ ಚಿಪ್ಪಿನ ಮೇಲೆ ಮಡಿಚಿಕೊಂಡು ಅದನ್ನು ಮುಚ್ಚಿರುತ್ತದೆ. ಚಿಪ್ಪಿನ ನುಣುಪು, ಹೊಳಪುಗಳಿಗೆ ಇದೇ ಕಾರಣ. ಯಾರೂ ಅದಕ್ಕೆ ಮೆರುಗು ಕೊಟ್ಟಿರುವುದಿಲ್ಲ. ಹಣವಾಗಿ ಹೆಚ್ಚಾಗಿ ನಡೆದದ್ದು ಹಳದಿ ಛಾಯೆಯ ಚಿಕ್ಕ ಜಾತಿ. ಅದರ ದೊಡ್ಡ ಕಣಜ ಹಿಂದೂ ಮಹಾಸಾಗರದ ಮಾಲ್ಡೀವ್ ದ್ವೀಪಗಳು. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿ ನ್ಯಾಯಾಧೀಶನಾಗಿದ್ದ ಪ್ರವಾಸಿ ಇಬ್ನ್ ಬತೂತನು, ಜನರು ಕವಡೆಗಳನ್ನು ಸಮುದ್ರದಿಂದ ಆಯ್ದು ಗುಂಡಿಗಳಲ್ಲಿ ಹಾಕುವುದನ್ನೂ, ಮಾಂಸವು ಕೊಳೆತುಹೋದ ಮೇಲೆ ಬಿಳಿಯ ಚಿಪ್ಪು ಉಳಿಯುವುದನ್ನೂ, ಅದನ್ನು ಬಂಗಾಳಕ್ಕೆ ಕೊಟ್ಟು ಅಕ್ಕಿಯನ್ನು ತರುವುದನ್ನೂ ವರ್ಣಿಸಿದ್ದಾನೆ.

ಚಿಪ್ಪು ಹಣವಾದದ್ದು ಹೇಗೆಂದು ಆಶ್ಚರ್ಯಪಡಬೇಕಾಗಿಲ್ಲ. ಅದು ಕೊಳೆಯದು, ಬೇಗ ಒಡೆಯದು. ಹೆಚ್ಚು ಕಡಿಮೆ ಒಂದೇ ಅಳತೆಯದು. ಕಳ್ಳನಾಣ್ಯ ಮಾಡುವವನಿಗೆ ಅದನ್ನು ಮಾಡುವ ಖರ್ಚೇ ಹೆಚ್ಚು. 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯನ 'ಲೀಲಾವತಿ'ಯ ಆರಂಭದಲ್ಲಿಯೇ ಹಣದ ಕೋಷ್ಟಕವಿದೆ: 20 ವರಾಟಕಗಳಿಗೆ, ಎಂದರೆ ಕವಡೆಗಳಿಗೆ, ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ. ಲೆಕ್ಕ ಹಾಕಿದರೆ ಒಂದು ದ್ರಮ್ಮಕ್ಕೆ 1280 ಕವಡೆಗಳಾದವು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸಿಲ್ಹೆಟ್ಟಿನ ಕಲೆಕ್ಟರನಾಗಿದ್ದ ರಾಬರ್ಟ್ ಲಿಂಡ್ಸೆಗೆ ಜಿಲ್ಲೆಯ ಕಂದಾಯವೇ ಕವಡೆಗಳಲ್ಲಿ ಬರುತ್ತಿತ್ತು. ಆಗ ರೂಪಾಯಿಗೆ 5120 ಕವಡೆ. ಕಂದಾಯವನ್ನು ಎಣಿಸುವುದೂ, ಕೂಡಿಡುವುದೂ, ದೋಣಿಗಳಲ್ಲಿ ಸಾಗಿಸುವುದೂ ಎಂತಹ ಕೆಲಸವಾಗಿರಬೇಕೆಂಬುದನ್ನು ನಮ್ಮ ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಊಹಿಸಿಕೊಳ್ಳಲಿ! ಇದೇ ಕವಡೆಯನ್ನು ಐರೋಪ್ಯ ವರ್ತಕರು ಹಡಗುಗಳಲ್ಲಿ ತುಂಬಿಕೊಂಡು ಹೋಗಿ, ಪಶ್ಚಿಮ ಆಫ್ರಿಕದಲ್ಲಿ ಅದನ್ನು ಕೊಟ್ಟು ಮನುಷ್ಯರನ್ನು ಗುಲಾಮರನ್ನಾಗಿ ಕೊಂಡರೆಂಬುದು ಈ ಚಿಪ್ಪಿನ ಚರಿತ್ರೆಯ ಕರಾಳ ಪುಟ. ಸರಕಾರಗಳ ನಾಣ್ಯಗಳು ಎಲ್ಲೆಡೆ ಹರಡಿದಂತೆ ಕವಡೆಯ ಹಣತನ ಹೋಯಿತು. ಕನ್ನಡದಲ್ಲಿ ಅದು ನಾಲಿಗೆಯ ಮೇಲೆ ಮಾತ್ರ ಉಳಿಯಿತು.

ಹಣವಲ್ಲದೆ ಹೋದ ಮೇಲೂ ನಮ್ಮ ಭಾಗದಲ್ಲಿ ಕವಡೆ ಕೆಲಸವಿಲ್ಲದೆ ಕುಳಿತಿಲ್ಲ. ಕಾರಹುಣ್ಣಿಮೆಯ ದಿನ ಎತ್ತಿನ ಹಣೆಯ ಮೇಲೂ ಕೊರಳಲ್ಲೂ ಅದನ್ನು ಕಾಣಬಹುದು. ಮೈಲಾರಲಿಂಗನ ಗೊರವಯ್ಯನ ಕರಡಿ ಕೂದಲಿನ ಟೊಪ್ಪಿಗೆ, ಡಮರುಗಗಳ ಜೊತೆಗೆ ಕವಡೆಯ ಪಟ್ಟಿಯೂ ಉಂಟು. ಅಂಬಾಭವಾನಿಯ ಹಾಡು ಹೇಳುವ ಗೋಂದಲಿಗರು ಕವಡೆ ಸರವನ್ನು ಧರಿಸುತ್ತಾರೆ. ಮಳೆಗಾಲದ ಮಧ್ಯಾಹ್ನ ಕಟ್ಟೆಯ ಮೇಲೆ ಚೌಕಾಬಾರ ಆಡುವವರಿಗೆ ನಾಲ್ಕು ಕವಡೆ ಬೇಕೇ ಬೇಕು; ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಕುಷ್ಟಗಿ, ಯಲಬುರ್ಗಾ ಕಡೆಯ ತಾಂಡಾಗಳ ಹಿರಿಯ ಲಂಬಾಣಿ ಹೆಂಗಸರ ಉಡುಪಿನಲ್ಲಿ ಕನ್ನಡಿ ಚೂರುಗಳ ನಡುವೆ ಕವಡೆಯೂ ಕುಳಿತಿರುತ್ತದೆ. ಲಂಬಾಣಿಗರ ಪೂರ್ವಿಕರು ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೊತ್ತು ದೇಶ ಸುತ್ತಿದವರು. ಸಮುದ್ರದ ಚಿಪ್ಪು ಒಳನಾಡಿಗೆ ಬಂದ ದಾರಿಗಳಲ್ಲಿ ಇಂತಹ ಹೇರೆತ್ತಿನ ದಾರಿಯೂ ಒಂದಾಗಿದ್ದರೆ ಸೋಜಿಗವಿಲ್ಲ. ಗಂಗಾವತಿಯಿಂದ ಹೊಳೆಯಾಚೆ ಇರುವ ಹಂಪೆಯಲ್ಲಿ 2023ರ ಜುಲೈಯಲ್ಲಿ ಸಂಡೂರಿನ ನಾನೂರೈವತ್ತಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1755 ಕಸೂತಿ ವಸ್ತುಗಳ ಪ್ರದರ್ಶನ ನಡೆದು ಗಿನ್ನೆಸ್ ದಾಖಲೆಯಾಯಿತು.

ಇವುಗಳೆಲ್ಲಕ್ಕಿಂತ ಭಾರವಾದ ಕವಡೆ ಇನ್ನೊಂದಿದೆ. ತುಂಗಭದ್ರೆಯ ದಡದ ಹುಲಿಗಿಯಲ್ಲಿ ಹುಲಿಗೆಮ್ಮನ ಜಾತ್ರೆಗೆ ಹೋದವರು, ಚೌಡಿಕೆಯ ನಾದಕ್ಕೆ ಹೆಜ್ಜೆ ಹಾಕುವ ಜೋಗತಿಯರ ಕೊರಳಲ್ಲಿ ಕವಡೆ ಸರವನ್ನು ನೋಡಿಯೇ ಇರುತ್ತಾರೆ. ಆ ಹಾಡು ಕುಣಿತಗಳ ಹಿರಿಮೆ ದೊಡ್ಡದು. ಜೋಗತಿ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾದದ್ದು ಇದಕ್ಕೆ ಸಾಕ್ಷಿ. ಆದರೆ ಅರಿಯದ ವಯಸ್ಸಿನಲ್ಲಿಯೇ ಮುತ್ತು ಕಟ್ಟಿಸಿಕೊಂಡು ಬಾಳನ್ನು ಕಳೆದುಕೊಂಡ ಹೆಣ್ಣುಮಕ್ಕಳೂ ಈ ಸೀಮೆಯಲ್ಲಿ ಇದ್ದಾರೆಂಬುದನ್ನು ಮರೆಯಲಾಗದು. ದೇವದಾಸಿ ಸಮರ್ಪಣೆಯನ್ನು ನಮ್ಮ ರಾಜ್ಯದ 1982ರ ಶಾಸನವು ನಿಷೇಧಿಸಿತು. ಅಂತಹ ಒಂದು ಸರ ಪಟ್ಟಣದ ದಿವಾನಖಾನೆಯ ಗೋಡೆಯ ಮೇಲೆ 'ಜಾನಪದ ಅಲಂಕಾರ'ವಾಗಿ ತೂಗಿದರೆ, ನೋಡುವವರು ಚೆಲುವನ್ನು ಮಾತ್ರ ಕಾಣುತ್ತಾರೆ. ಅದರ ಹಿಂದಿನ ಕೊರಳು ಯಾರದೆಂದು ಹೇಳುವವರಿಲ್ಲದಿದ್ದರೆ ಆ ಸಂಗ್ರಹ ಚರಿತ್ರೆಯಾಗುವುದಿಲ್ಲ, ಮರೆವಾಗುತ್ತದೆ.

ಇನ್ನು ಹಳೆಯ ಚಿಪ್ಪಿನ ವಸ್ತುವನ್ನು ಗುರುತಿಸುವುದು ಹೇಗೆ? ಪ್ಲಾಸ್ಟಿಕ್ ಕವಡೆ ಹಗುರ. ಕೈಯಲ್ಲಿ ಬೇಗ ಬೆಚ್ಚಗಾಗುತ್ತದೆ. ಅಚ್ಚಿನ ಗೆರೆ ಅಂಚಿನಲ್ಲಿ ಕಾಣುತ್ತದೆ. ನಿಜವಾದ ಕವಡೆ ತಣ್ಣಗೆ, ತೂಕವಾಗಿ ಇರುತ್ತದೆ. ಒಂದರ ಹಲ್ಲಿನ ಸಾಲು ಇನ್ನೊಂದರಂತೆ ಇರುವುದಿಲ್ಲ. ಬಟ್ಟೆಗೋ ತೊಗಲಿಗೋ ಹೊಲಿಯುವ ಕವಡೆಯ ಬೆನ್ನನ್ನು ಉಜ್ಜಿ ತೆಗೆದಿರುತ್ತಾರೆ. ಬಹುಕಾಲ ಬಳಸಿದ್ದಾದರೆ ಆ ಅಂಚು ದಾರ ತಿಕ್ಕಿ ತಿಕ್ಕಿ ನುಣ್ಣಗಾಗಿರುತ್ತದೆ; ಹೊಸದಾದರೆ ಬೆರಳಿಗೆ ಚುಚ್ಚುತ್ತದೆ. ಚಿಪ್ಪು ಹಳೆಯದಾಗಿದ್ದು ದಾರ ಹೊಸದಾಗಿರಬಹುದು, ದಾರವನ್ನೇ ಚಹದ ನೀರಿನಲ್ಲಿ ಅದ್ದಿ ಹಳೆಯದೆಂದು ತೋರಿಸಬಹುದು. ಆದಕಾರಣ ಎರಡನ್ನೂ ಪರೀಕ್ಷಿಸಬೇಕು.

ಶಂಖದ ವಿಷಯದಲ್ಲಿ ಮೋಸ ಇನ್ನೂ ಹೆಚ್ಚು. ಪೂಜೆಯ ಶಂಖದ ಸುರುಳಿ ಸಾಮಾನ್ಯವಾಗಿ ಒಂದೇ ಕಡೆಗೆ ತಿರುಗಿರುತ್ತದೆ. ಅದಕ್ಕೆ ವಿರುದ್ಧ ತಿರುಗಿದ ಬಲಮುರಿ ಶಂಖ ಅತ್ಯಂತ ಅಪರೂಪವಾದ್ದರಿಂದ ಅದರ ಬೆಲೆ ಮುಗಿಲಿಗೆ ಮುಟ್ಟುತ್ತದೆ. ಆದರೆ ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಹುಟ್ಟಿನಿಂದಲೇ ಹಾಗೆ ತಿರುಗುವ ಬೇರೊಂದು ಜಾತಿಯ ಚಿಪ್ಪು ಹೇರಳವಾಗಿದೆ. ಅದನ್ನೇ ಬಲಮುರಿಯೆಂದು ಮಾರುವುದುಂಟು. ಬಾಯಿಯೊಳಗೆ ಬೆಳಕು ಬಿಟ್ಟು ನಡುಗಂಬವನ್ನು ನೋಡಿದರೆ ಗುಟ್ಟು ರಟ್ಟಾಗುತ್ತದೆ. ನಿಜವಾದ ಶಂಖದಲ್ಲಿ ಅಲ್ಲಿ ಮೂರು ನಾಲ್ಕು ಏಣುಗಳು ಸ್ಪಷ್ಟವಾಗಿರುತ್ತವೆ. ಅಮೆರಿಕದ ಚಿಪ್ಪಿನಲ್ಲಿ ಆ ಏಣುಗಳಿಲ್ಲ.

ಕೊಂಡದ್ದನ್ನೋ ಉಳಿಸಿಕೊಂಡದ್ದನ್ನೋ ಕಾಪಾಡುವುದೂ ಒಂದು ವಿದ್ಯೆ. ಚಿಪ್ಪು ಸುಣ್ಣದ ಅಂಶದ್ದು. ಹುಣಸೆಹುಳಿ, ನಿಂಬೆಹುಳಿಗಳಿಂದ ಹಿತ್ತಾಳೆಯನ್ನು ತಿಕ್ಕಿದಂತೆ ಇದನ್ನು ತಿಕ್ಕಿದರೆ ಹೊಳಪು ಶಾಶ್ವತವಾಗಿ ಹೋಗುತ್ತದೆ. ಮುಚ್ಚಿದ ಮರದ ಪೆಟ್ಟಿಗೆ, ಕಳಪೆ ರಟ್ಟಿನ ಡಬ್ಬಿಗಳಿಂದ ಹೊರಡುವ ಹುಳಿಯ ಆವಿಯಿಂದಲೂ ಚಿಪ್ಪಿನ ಮೇಲೆ ಬಿಳಿಯ ಪುಡಿ ಏಳುತ್ತದೆ. ಇದನ್ನು 1899ರಲ್ಲಿ ವಿವರಿಸಿದ ಇಂಗ್ಲಿಷ್ ಸಂಗ್ರಾಹಕ ಬೈನ್ ಎಂಬುವನು ಸೂಕ್ಷ್ಮಜೀವಿಗಳ ರೋಗವೆಂದು ಭಾವಿಸಿದ್ದನು. ಆದ್ದರಿಂದ ಈಗಲೂ ಅದಕ್ಕೆ 'ಬೈನನ ರೋಗ'ವೆಂದೇ ಹೆಸರು. ಗಾಳಿಯಾಡುವ, ತೇವವಿಲ್ಲದ ಕಡೆ ಇಟ್ಟು ಮೃದುವಾದ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಕಾನೂನನ್ನೂ ತಿಳಿದಿರಬೇಕು: 1972ರ ಪುರಾವಸ್ತು ಶಾಸನದ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಲೈಸೆನ್ಸಿಲ್ಲದೆ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೂ ಇಲ್ಲ. ಕೆಲವು ಸಮುದ್ರಚಿಪ್ಪುಗಳನ್ನು 2001ರಿಂದ ವನ್ಯಜೀವಿ ಸಂರಕ್ಷಣಾ ಶಾಸನದ ಅಡಿಯಲ್ಲಿಯೂ ತರಲಾಗಿದೆ.

ಕೊನೆಗೆ ಒಂದು ದೂರದೇಶದ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಕೆಲವು ಎಂಟು ಮೂಲೆಯ ಪೆಟ್ಟಿಗೆಗಳಲ್ಲಿ ಬಣ್ಣಬಣ್ಣದ ಚಿಕ್ಕ ಚಿಪ್ಪುಗಳನ್ನು ಹೂವಿನಂತೆ ಜೋಡಿಸಲಾಗಿದೆ. ನಾವಿಕರು ಹಡಗಿನಲ್ಲಿ ಬಿಡುವಿನ ವೇಳೆ ತಮ್ಮ ನಲ್ಲೆಯರಿಗಾಗಿ ಇವನ್ನು ಮಾಡಿದರೆಂದು ಸಂಗ್ರಾಹಕರು ಬಹುಕಾಲ ನಂಬಿದ್ದರು. ಹಳೆಯದೊಂದನ್ನು ದುರಸ್ತಿ ಮಾಡುವಾಗ ಚಿಪ್ಪುಗಳ ಅಡಿಯಲ್ಲಿ ಬಾರ್ಬಡೋಸ್ ದ್ವೀಪದ ವೃತ್ತಪತ್ರಿಕೆಯ ತುಂಡು ಸಿಕ್ಕಿತು. ಅವು ಬಹುಪಾಲು ಆ ದ್ವೀಪದಲ್ಲಿ ತಯಾರಾಗಿ ನಾವಿಕರಿಗೆ ಮಾರಾಟವಾದವೆಂದು ಈಗ ತಿಳಿದಿದೆ. ನೂರಾರು ಚಿಪ್ಪುಗಳು ಹೇಳದ ಸತ್ಯವನ್ನು ಒಂದು ಕಾಗದದ ಚೂರು ಹೇಳಿತು!

ಆ ಕಾಗದದ ಚೂರನ್ನು ನಾವೇ ಏಕೆ ಬರೆದಿಡಬಾರದು? ಮಿತ್ರರೇ, ಈ ರಜೆಯಲ್ಲಿ ಊರಿಗೆ ಹೋದಾಗ ಮನೆಯಲ್ಲಿರುವ ಒಂದು ಕವಡೆ ಸರವನ್ನೋ, ಪಟ್ಟಿಯನ್ನೋ, ಶಂಖವನ್ನೋ ಎದುರಿಗಿಟ್ಟುಕೊಂಡು ಹಿರಿಯರನ್ನು ಕೇಳಿ: ಇದು ಯಾರದು, ಯಾವ ಊರಿನದು, ಯಾರು ಹೊಲಿದರು, ಯಾವಾಗ ಬಳಸುತ್ತಿದ್ದಿರಿ? ಉತ್ತರವನ್ನು ಕೇಳಿದ ದಿನಾಂಕದೊಡನೆ ಬರೆದು ವಸ್ತುವಿನ ಜೊತೆಗಿಡಿ. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ಕೆಲವು ಸರಗಳ ಕಥೆ ಹೇಳುವವರಿಗೆ ನೋವು ತರುವಂತಹದು. ಮಾರಲೇಬೇಕಾಗಿ ಬಂದರೂ ಚೀಟಿಯ ಪ್ರತಿಯೊಂದು ಮನೆಯಲ್ಲಿರಲಿ.

ನಮ್ಮ ಮನೆಯಲ್ಲಿ ಈಗ ಪಟ್ಟಿ ಇಲ್ಲ. ಅಜ್ಜಿ ಆ ರಾತ್ರಿ ಹೇಳಿದ್ದನ್ನು ನಾನು ಎರಡು ಪುಟ ಬರೆದುಕೊಂಡು ಆ ಸ್ಟೀಲ್ ಡಬ್ಬಿಯಲ್ಲಿಯೇ ಇಟ್ಟಿದ್ದೇನೆ. ಪಟ್ಟಿಯನ್ನು ಕೊಂಡವರು ಎಂದಾದರೊಂದು ದಿನ ಅದರ ಕಥೆಯನ್ನು ಹುಡುಕಿಕೊಂಡು ಬಂದರೆ ಕೊಡಲು ನಮ್ಮಲ್ಲಿ ಅಷ್ಟಾದರೂ ಇದೆ.