ಮನೆ ಕೊಂಡ ಮೇಲೆ ದುರಸ್ತಿಯ ಬಾಬ್ತು

ಕಾಫಿ ಬೆಲೆ 2024ರಲ್ಲಿ ಏರಿದ ಮೇಲೆ ನಮ್ಮ ಬೆಳೆಗಾರರಲ್ಲಿ ಕೆಲವರು ಮಕ್ಕಳ ಓದಿಗೆಂದು ಬೇಲೂರಿನಲ್ಲೋ ಅರಸೀಕೆರೆಯಲ್ಲೋ ಹಳೆಯ ಮನೆ ಕೊಂಡಿದ್ದಾರೆ. ಸಂತೋಷವೇ. ಆದರೆ ಕ್ರಯದ ಹಣ, ಮುದ್ರಾಂಕ ಶುಲ್ಕ, ನೋಂದಣಿ ಎಲ್ಲ ಮುಗಿಯುವ ಹೊತ್ತಿಗೆ ಕೈ ಬರಿದಾಗಿ, ಮೊದಲ ಮಳೆಗೇ ಮನೆ ಸೋರಿ, ಬೆಳೆ ಸಾಲವನ್ನು ಹೆಂಚಿಗೆ ಸುರಿದವರೂ ಉಂಟು. ಆ ವರ್ಷ ತೋಟಕ್ಕೆ ಗೊಬ್ಬರ ಬೀಳುವುದಿಲ್ಲ. ಸಾಲ ವಾಯಿದೆಯೊಳಗೆ ತೀರದಿದ್ದರೆ ಬಡ್ಡಿ ರಿಯಾಯಿತಿಯೂ ತಪ್ಪುತ್ತದೆ.

ಬೇಲೂರು, ಹಳೇಬೀಡಿನ ಸೀಮೆಯವರಿಗೆ ಈ ಲೆಕ್ಕ ಹೊಸದಾಗಬಾರದು. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದು, ಬಿರಿದದ್ದನ್ನು ಸರಿಪಡಿಸುವುದು ಎಂದರ್ಥ. ಪೂಜೆ ನೈವೇದ್ಯಕ್ಕೆ ಬಿಟ್ಟ ಭೂಮಿಯ ಹುಟ್ಟುವಳಿಯಲ್ಲೇ ರಿಪೇರಿಗೂ ಪಾಲು ಇಡುತ್ತಿದ್ದರು. ಕಲ್ಲಿನ ಗುಡಿಗೇ ಹೀಗಾದರೆ ಮಣ್ಣಿನ ಗೋಡೆ, ಹೆಂಚಿನ ಮಾಡಿನ ಗತಿ ಏನು?

ಮನೆಯ ಬೆಲೆಯ ಶೇಕಡ 1ನ್ನು ಪ್ರತಿವರ್ಷ ತೆಗೆದಿಡಬೇಕೆಂಬ ಸಾಮಾನ್ಯ ನಿಯಮ ಒಂದಿದೆ. ಅದು ಹೊಸ ಮನೆಗೆ ಸರಿ. ಹಳೆಯದಕ್ಕೆ ಸಾಲದು. ಇನ್ನೊಂದು ಮಾತು, ನಿವೇಶನದ ಬೆಲೆಯನ್ನು ಲೆಕ್ಕದಿಂದ ಬಿಡಿ; ನೆಲಕ್ಕೆ ರಿಪೇರಿ ಇಲ್ಲ. 25 ಲಕ್ಷಕ್ಕೆ ಕೊಂಡ ಆಸ್ತಿಯಲ್ಲಿ ಕಟ್ಟಡದ ಬೆಲೆ 12 ಲಕ್ಷ ಎನ್ನೋಣ. ಜಂತಿ, ರೀಪು ಬದಲಿಸಿ ಹೆಂಚು ಹೊದಿಸಲು ಒಂದೂವರೆ ಲಕ್ಷ, ಅದು 15 ವರ್ಷಕ್ಕೊಮ್ಮೆ. ವರ್ಷಕ್ಕೆ 10,000 ಆಯಿತು. ವೈರಿಂಗ್ ಒಂದು ಲಕ್ಷ, 25 ವರ್ಷ, 4,000. ಸುಣ್ಣ ಬಣ್ಣ 40,000, ಐದು ವರ್ಷ, 8,000. ಮೋಟಾರು 16,000, ಎಂಟು ವರ್ಷ, 2,000. ಒಡೆದ ಹೆಂಚು, ಚರಂಡಿ, ಗೆದ್ದಲಿನ ಔಷಧಿ ಎಂದು ವರ್ಷವೂ ಬರುವುದು 6,000. ಒಟ್ಟು 30,000, ಅಂದರೆ ಕಟ್ಟಡದ ಬೆಲೆಯ ಶೇಕಡ ಎರಡೂವರೆ. ದರಗಳನ್ನು ನಿಮ್ಮ ಊರಿನ ಮೇಸ್ತ್ರಿಯಲ್ಲಿ ಕೇಳಿ ತಿದ್ದಿಕೊಳ್ಳಿ, ಲೆಕ್ಕದ ಕ್ರಮ ಇದೇ.

ಮೊದಲ ಗಮನ ಮಾಡಿಗೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮದಲ್ಲಿ ಎಷ್ಟೋ ಕಾರ್ಖಾನೆಗಳು ಈಗ ಮುಚ್ಚಿವೆ. ಒಂದು ಕಾರ್ಖಾನೆಯ ಹೆಂಚಿನ ಗಾಡಿಗೆ ಇನ್ನೊಂದರದ್ದು ಸರಿಯಾಗಿ ಕೂರುವುದಿಲ್ಲ, ಸಂದಿನಲ್ಲಿ ನೀರು ಇಳಿಯುತ್ತದೆ. ಹಿಂಬದಿಯ ಮುದ್ರೆ ನೋಡಿ, ಊರಲ್ಲಿ ಹಳೆ ಮನೆ ಬಿಚ್ಚುವಾಗ ಅದೇ ಗುರುತಿನ ನೂರಿನ್ನೂರು ಹೆಂಚು ಕೊಂಡಿಟ್ಟುಕೊಳ್ಳಿ. ಮಣ್ಣಿನ ಗೋಡೆಗೆ ಸಿಮೆಂಟು ಗಾರೆ ಬಳಿಸಬೇಡಿ. ಒಳಗಿನ ತೇವ ಹೊರಬೀಳಲಾರದೆ ಗೋಡೆ ಒಳಗೇ ಸಡಿಲವಾಗುತ್ತದೆ. ಸುಣ್ಣದ ಗಾರೆಯೇ ಮೇಲು, ಮೇಸ್ತ್ರಿ ಏನೇ ಹೇಳಲಿ.

ಅರಸೀಕೆರೆ ಕಡೆ ಮಳೆ ಕಡಿಮೆ, ಬಿಸಿಲು ಹೆಚ್ಚು. ಅಲ್ಲಿ ತಾರಸಿಯ ಬಿರುಕು ಮತ್ತು ಕೊಳವೆಬಾವಿಯ ಗಡಸು ನೀರಿನಿಂದ ಕಟ್ಟುವ ಪೈಪು, ಇವೆರಡಕ್ಕೆ ಹೆಚ್ಚು ಹಣ ಬೇಕು.

ಸಂಬಳದವರಂತೆ ತಿಂಗಳು ತಿಂಗಳು ತೆಗೆದಿಡುವುದು ನಮ್ಮಿಂದಾಗದು. ಅಡಿಕೆ, ಕಾಫಿಯ ಪಟ್ಟಿ ಕೈಗೆ ಬಂದ ದಿನವೇ ಈ ಮೊತ್ತವನ್ನು ಬೇರೆ ಖಾತೆಗೆ ಹಾಕಿ. ಮಾಡಿನ ಕೆಲಸ ಶಿವರಾತ್ರಿಯ ಆಸುಪಾಸಿನಲ್ಲೇ ಹಿಡಿಸಿ. ಯುಗಾದಿ ಕಳೆದರೆ ಹೆಂಚು ಹೊದಿಸುವವರು ಸಿಕ್ಕುವುದು ಕಷ್ಟ, ಮಳೆಯೂ ಕಾಯುವುದಿಲ್ಲ. ಯಾವುದಾದರೂ ವರ್ಷ ಹಣ ಉಳಿದರೆ ಖಾತೆಯಲ್ಲೇ ಇರಲಿ, ಜಂತಿ ಬದಲಿಸುವ ವರ್ಷ ಅದಷ್ಟೂ ಬೇಕಾಗುತ್ತದೆ.