ನಿಮಗಿದು ಗೊತ್ತೆ? ಒಂದೇ ಹಬ್ಬ, ಆರು ತಿಂಗಳ ಅಂತರ!

ಋತುಗಳ ಸುತ್ತನ್ನೇ ಹಬ್ಬವಾಗಿ ಆಚರಿಸುವವರು ಪೇಗನ್ನರು. ಇಂಗ್ಲೆಂಡಿನ ಪೇಗನ್ನರು ಯೂಲ್ ಹಬ್ಬಕ್ಕೆ ದೀಪ ಹಚ್ಚುವುದು ಡಿಸೆಂಬರ್ 21ರ ಆಸುಪಾಸಿನಲ್ಲಿ. ಆಸ್ಟ್ರೇಲಿಯಾದ ಪೇಗನ್ನರಿಗೆ ಅದೇ ಯೂಲ್ ಬರುವುದು ಜೂನ್ 21ರ ಹೊತ್ತಿಗೆ! ಯೂಲ್ ಎಂದರೆ ವರ್ಷದ ಅತಿ ದೀರ್ಘ ರಾತ್ರಿ. ಭೂಮಧ್ಯರೇಖೆಯ ಆಚೆ ಆ ರಾತ್ರಿ ಜೂನ್‌ನಲ್ಲೇ ಬರುತ್ತದೆ. ಸುಗ್ಗಿಯ ಹಬ್ಬ ಲಾಮಸ್ ಕೂಡ ಅಷ್ಟೇ. ಇಂಗ್ಲೆಂಡಿನಲ್ಲಿ ಆಗಸ್ಟ್, ಆಸ್ಟ್ರೇಲಿಯಾದಲ್ಲಿ ಫೆಬ್ರುವರಿ.

ಪೇಗನ್ನರಲ್ಲಿ ದೇವರನ್ನು ನಂಬದವರೂ ಇದ್ದಾರೆ. ಅವರು ಹರಕೆ ಹೊರುವುದಿಲ್ಲ, ವರ ಬೇಡುವುದಿಲ್ಲ. ಬಿಸಿಲು, ಮಣ್ಣು, ಮಳೆ, ಜೊತೆಗೆ ನಾಲ್ಕು ಜನ ಇದ್ದರೆ ಹಬ್ಬವಾಯಿತು. ನಂಬುವವರಿರಲಿ, ನಂಬದವರಿರಲಿ, ಅನೇಕ ಪೇಗನ್ನರಿಗೆ ವರ್ಷಕ್ಕೆ ಒಟ್ಟು ಎಂಟು ಹಬ್ಬ. ಹಗಲು ಅತಿ ಉದ್ದವಾದ ದಿನ, ರಾತ್ರಿ ಅತಿ ಉದ್ದವಾದ ದಿನ, ಹಗಲು ರಾತ್ರಿ ಸಮನಾಗುವ ಎರಡು ದಿನ, ಇವುಗಳ ನಡುನಡುವೆ ಇನ್ನೂ ನಾಲ್ಕು. ಬಿಡಿಬಿಡಿಯಾಗಿ ಕೆಲವು ತೀರಾ ಹಳೆಯವು. ಎಂಟೂ ಸೇರಿ ಒಂದು ‘ವರ್ಷಚಕ್ರ’ವಾದದ್ದು ಮಾತ್ರ 1950ರ ದಶಕದ ಬ್ರಿಟನ್ನಿನಲ್ಲಿ.

ಯೂಲ್ ರಾತ್ರಿ ಕೆಲವು ಮನೆಗಳಲ್ಲಿ ದೀಪವನ್ನೆಲ್ಲ ಆರಿಸುತ್ತಾರೆ. ಕತ್ತಲಲ್ಲಿ ಸುಮ್ಮನೆ ಕೂರುತ್ತಾರೆ. ಆಮೇಲೆ ಒಂದು ಮೇಣದಬತ್ತಿ. ಅದರಿಂದ ಇನ್ನೊಂದು, ಮತ್ತೊಂದು. ಎದುರು ಕೂತವರ ಮುಖ ಒಂದೊಂದಾಗಿ ಕಾಣತೊಡಗುವ ಆ ಗಳಿಗೆ ಎಷ್ಟು ಚೆಂದ! ಬಳಿಕ ಒಟ್ಟಿಗೆ ಊಟ.

ಇನ್ನೂ ಒಂದು ವಿಶೇಷ. ಹಬ್ಬದಲ್ಲಿ ವೃತ್ತಾಕಾರವಾಗಿ ಸುತ್ತುವಾಗ ಸೂರ್ಯ ಸಾಗುವ ದಿಕ್ಕನ್ನೇ ಅನುಸರಿಸುವುದು ರೂಢಿ. ಇಂಗ್ಲೆಂಡಿನಲ್ಲಿ ಅದು ಸಾಮಾನ್ಯವಾಗಿ ಪ್ರದಕ್ಷಿಣೆಯ ದಿಕ್ಕು. ಆಸ್ಟ್ರೇಲಿಯಾದಲ್ಲಿ ಸೂರ್ಯ ಉತ್ತರದ ಬಾನಿನಲ್ಲಿ, ಬಲದಿಂದ ಎಡಕ್ಕೆ ಸಾಗುತ್ತಾನೆ. ಹಾಗಾಗಿ ಅಲ್ಲಿನ ಅನೇಕರು ಸುತ್ತುವುದೂ ಅಪ್ರದಕ್ಷಿಣೆಯಾಗಿಯೇ.