ಕೊಲ್ಲಾಪುರದ ಚೆಂಡು, ಆಟಗಾರನ ಅನ್ನ

ಮೀರಜದಿಂದ ಕೊಲ್ಲಾಪುರಕ್ಕೆ ಹೋಗುವ ರೈಲುಹಾದಿಯಲ್ಲಿ ಜಯಸಿಂಗಪುರ ಎಂಬ ಪೇಟೆ ಸಿಗುತ್ತದೆ. ಕೊಲ್ಲಾಪುರದ ಶಾಹು ಮಹಾರಾಜರು ತಮ್ಮನ್ನು ಹೆತ್ತ ತಂದೆ ಜಯಸಿಂಗರಾವ್ ಘಾಟಗೆಯವರ ಹೆಸರಿನಲ್ಲಿ ನೆಲೆಗೊಳಿಸಿದ ಊರಿದು. ಸುತ್ತಲೂ ಕಬ್ಬಿನ ಗದ್ದೆ. ಕಬ್ಬಿನ ದರಕ್ಕಾಗಿ ರೈತರು ಇಲ್ಲಿ ಪರಿಷತ್ತು ಸೇರಿದಾಗಲೆಲ್ಲ ಊರಿನ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಮನೆಯೊಳಗೆ ಕನ್ನಡ, ಪೇಟೆಗಿಳಿದರೆ ಮರಾಠಿ ಎಂಬ ಕುಟುಂಬಗಳು ಈ ಶಿರೋಳ ತಾಲೂಕಿನಲ್ಲಿ ಇವೆ. ಕಾಸರಗೋಡಿನವರಾದ ನಮಗೆ ಈ ಬಾಳ್ವೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಇಂದು ನಾವು ಹೇಳಹೊರಟಿರುವುದು ಭಾಷೆಯ ವಿಷಯವಲ್ಲ, ಚೆಂಡಿನ ವಿಷಯ. ಭಾಷೆ ತಾನಾಗಿಯೇ ನಡುವೆ ಬಂದರೆ ಅದು ನಮ್ಮ ತಪ್ಪಲ್ಲ.

ಕೊಲ್ಲಾಪುರ ಸೀಮೆ ಎಂದೊಡನೆ ನಮ್ಮವರ ನೆನಪಿಗೆ ಬರುವುದು ಮಹಾಲಕ್ಷ್ಮಿ, ಬೆಲ್ಲ, ಚಪ್ಪಲಿ, ಕುಸ್ತಿ. ಫುಟ್ಬಾಲ್ ಎಂದರೆ ಹುಬ್ಬೇರಿಸುವವರೇ ಹೆಚ್ಚು. ಆದರೆ ಅಲ್ಲಿನ ಶಾಹು ಕ್ರೀಡಾಂಗಣದಲ್ಲಿ ಪಾಟಾಕಡೀಲ ತಾಲೀಮ್ ಮಂಡಳಕ್ಕೂ ಶಿವಾಜಿ ತರುಣ ಮಂಡಳಕ್ಕೂ ಪಂದ್ಯವಿದೆ ಎಂದರೆ ಸಾವಿರಗಟ್ಟಲೆ ಜನ ಸೇರುತ್ತಾರೆ. ತಾಲೀಮ್ ಎಂದರೆ ಗರಡಿಮನೆ. ಗಲ್ಲಿಗೊಂದು ಗರಡಿಯಿದ್ದ ಊರಿನಲ್ಲಿ ಆ ಗರಡಿಗಳೇ ಕ್ರಮೇಣ ಫುಟ್ಬಾಲ್ ತಂಡಗಳನ್ನು ಕಟ್ಟಿಕೊಂಡವು. ದಿಲ್‌ಬಹಾರ್, ಖಂಡೋಬಾ, ಬಾಲಗೋಪಾಲ, ಹೀಗೆ ಪೇಟೆಪೇಟೆಗೂ ಒಂದು ತಂಡ, ಒಂದು ಬಣ್ಣ. ಕನ್ನಡ ಗಡಿಗೆ ಇನ್ನೂ ಹತ್ತಿರವಿರುವ ಗಡಹಿಂಗ್ಲಜದಲ್ಲಿಯೂ ಇದೇ ಹುಚ್ಚು. ನಮ್ಮ ತೃಕ್ಕರಿಪುರದ ಕಡೆಯ ಸೆವೆನ್ಸ್ ಪಂದ್ಯಾಟ ನೋಡಿದವರಿಗೆ ಅಲ್ಲಿನ ಗದ್ದಲ ಹೊಸತೆನಿಸದು. ಆಫ್ರಿಕದಿಂದ ಆಟಗಾರರನ್ನು ಕರೆಸುವ ಖಯಾಲಿಯೂ ಎರಡು ಕಡೆಯೂ ಇದೆ!

ಇಂಥ ಊರಿನ ಆಟೋರಿಕ್ಷಾ ಚಾಲಕರೊಬ್ಬರ ಮಗ ಅನಿಕೇತ್ ಜಾಧವ್. ಹುಟ್ಟಿದ್ದು 2000ದ ಜುಲೈಯಲ್ಲಿ. ಬಾಲ್ಯದಲ್ಲೇ ಆತ ಪುಣೆಯ ಬಾಲೇವಾಡಿಯಲ್ಲಿರುವ ಕ್ರೀಡಾ ಪ್ರಬೋಧಿನಿಗೆ ಸೇರಿದ. ಮಹಾರಾಷ್ಟ್ರ ಸರಕಾರ ನಡೆಸುವ ವಸತಿ ಶಾಲೆಯದು. ಊಟ, ವಸತಿ, ಓದು, ತರಬೇತಿ ಎಲ್ಲವೂ ಅಲ್ಲಿಯೇ. ರಿಕ್ಷಾದ ಸಂಪಾದನೆಯಲ್ಲಿ ಮಗನಿಗೆ ಬೂಟು ಕೊಡಿಸುವುದೇ ಭಾರವಾಗುವ ಮನೆಗೆ ಇಂಥ ಶಾಲೆಯೊಂದು ಇಲ್ಲದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ ಎಂಬುದು ನಮ್ಮ ಎಣಿಕೆ.

2017ರ ಅಕ್ಟೋಬರದಲ್ಲಿ ಹದಿನೇಳರ ಒಳಗಿನವರ ವಿಶ್ವಕಪ್ ಭಾರತದಲ್ಲಿ ಜರಗಿತು. ಫುಟ್ಬಾಲಿನ ಯಾವುದೇ ವಿಶ್ವಕಪ್ಪಿನಲ್ಲಿ ಭಾರತ ಆಡಿದ್ದು ಅದೇ ಮೊದಲು. ಆರಿಸಲ್ಪಟ್ಟ 21 ಹುಡುಗರಲ್ಲಿ ಅನಿಕೇತ್ ಒಬ್ಬ, ಮುಂಚೂಣಿಯ ಆಟಗಾರ. ದಿಲ್ಲಿಯಲ್ಲಿ ಅಮೆರಿಕದೊಡನೆ 0-3, ಕೊಲಂಬಿಯದೊಡನೆ 1-2, ಘಾನಾದೊಡನೆ 0-4. ಮೂರೂ ಸೋಲು. ಆದರೂ ಕೊಲಂಬಿಯದ ವಿರುದ್ಧ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಒದ್ದ ಮೂಲೆಹೊಡೆತಕ್ಕೆ ಮಣಿಪುರದ ಜೀಕ್ಸನ್ ಸಿಂಗ್ ತಲೆಕೊಟ್ಟು ಗೋಲು ಮಾಡಿದಾಗ ದೇಶವೇ ಎದ್ದು ನಿಂತಿತು. ತೃಶ್ಶೂರಿನ ಕೆ.ಪಿ. ರಾಹುಲ್ ಕೂಡ ಅದೇ ತಂಡದಲ್ಲಿದ್ದ.

ಹದಿನೇಳನೇ ವಯಸ್ಸಿಗೆ ವಿಶ್ವಕಪ್ ಆಡಿದವನಿಗೆ ಇನ್ನೇನು ಕೊರತೆ ಎಂದು ನಾವು ತಿಳಿಯುತ್ತೇವೆ. ಕೊರತೆ ಶುರುವಾಗುವುದೇ ಅಲ್ಲಿಂದ. ಆ ಹುಡುಗರನ್ನು ಇಂಡಿಯನ್ ಆ್ಯರೋಸ್ ಎಂಬ ತಂಡವಾಗಿ ಐ-ಲೀಗಿಗೆ ಇಳಿಸಿದರು. ಅಲ್ಲಿ ಎದುರಾಳಿಗಳು ಹುಡುಗರಲ್ಲ, ಹೊಟ್ಟೆಪಾಡಿಗೆ ಆಡುವ ಪಳಗಿದ ಗಂಡಸರು. 2019ರಲ್ಲಿ ಅನಿಕೇತ್‌ಗೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಕ್ಲಬ್ಬಿನಲ್ಲಿ ಮೂರು ತಿಂಗಳ ತರಬೇತಿಯ ಅವಕಾಶ ಒದಗಿತು. ಕ್ಲಬ್ಬಿನ ಒಡೆಯರು ಪುಣೆಯ ಕೋಳಿ ಉದ್ಯಮಿಗಳು. ತಂಡ ಆಗ ಇಂಗ್ಲೆಂಡಿನ ಎರಡನೆಯ ದರ್ಜೆಯಲ್ಲಿತ್ತು. ಮೂರು ತಿಂಗಳು ಮುಗಿಯಿತು, ಹುಡುಗ ಮರಳಿದ. ಜಮ್‌ಶೇಡ್‌ಪುರಕ್ಕೆ ಆಡಿದ, ತರುವಾಯ ಹೈದರಾಬಾದಿಗೆ.

2022ರ ಮಾರ್ಚ್ 20ರ ರಾತ್ರಿಯನ್ನು ನಮ್ಮ ಜಿಲ್ಲೆಯ ಯಾರೂ ಮರೆತಿರಲಾರರು. ಗೋವಾದ ಫತೋರ್ಡಾದಲ್ಲಿ ಐಎಸ್ಎಲ್ ಅಂತಿಮ ಪಂದ್ಯ, ಕೇರಳ ಬ್ಲಾಸ್ಟರ್ಸ್ ವಿರುದ್ಧ ಹೈದರಾಬಾದ್. ಬ್ಲಾಸ್ಟರ್ಸ್ ಕಡೆ ರಾಹುಲ್ ಗೋಲು ಹೊಡೆದ. ಇನ್ನೇನು ಗೆದ್ದೆವು ಎನ್ನುವಾಗ ಹೈದರಾಬಾದ್ ಸಮ ಮಾಡಿತು. ಪೆನಾಲ್ಟಿಯಲ್ಲಿ ಹೈದರಾಬಾದಿನ ಗೋಲಿ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರು ಹೊಡೆತಗಳನ್ನು ತಡೆದು ಕೇರಳದ ಕನಸನ್ನು ಒಡೆದರು. ಗೋವಾದವರಾದರೂ ಮನೆತನದ ಹೆಸರು ಅಚ್ಚ ಬಡಗಣ ಕನ್ನಡದ್ದು. ಆ ರಾತ್ರಿ ಅಳುವುದೋ ಹೆಮ್ಮೆಪಡುವುದೋ ತಿಳಿಯದೆ ಕುಳಿತವರು ನಮ್ಮಲ್ಲಿ ಇದ್ದಾರು. ಕಪ್ಪೆತ್ತಿದ ಆ ತಂಡದಲ್ಲಿ ಕೊಲ್ಲಾಪುರದ ಜಾಧವರೂ ಇದ್ದರು. ಮುಂದೆ ಅವರು ಒಡಿಶಾ ತಂಡಕ್ಕೆ ಹೋದರು.

ಇದು ಮೇಲಿನ ಸಾಲಿಗೆ ಏರಿದವರ ಕಥೆ. ಆ ಮೇಲಿನ ಸಾಲಿನ ನೆಲವಾದರೂ ಎಷ್ಟು ಗಟ್ಟಿ? ಲೀಗ್ ನಡೆಸುವ ಸಂಸ್ಥೆಗೂ ರಾಷ್ಟ್ರೀಯ ಫೆಡರೇಶನ್ನಿಗೂ ಇದ್ದ 15 ವರ್ಷಗಳ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನೆಂದು ತೀರ್ಮಾನವಾಗದೆ ಆ ಜುಲೈಯಲ್ಲಿ ಲೀಗನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಸುನಿಲ್ ಛೆಟ್ರಿಯವರಂಥವರಿದ್ದ ಬೆಂಗಳೂರು ಎಫ್‌ಸಿಯೇ ಆಟಗಾರರ, ಸಿಬ್ಬಂದಿಯ ಸಂಬಳವನ್ನು ನಿಲ್ಲಿಸಿತು. ಚೆನ್ನೈ, ಒಡಿಶಾ ಕ್ಲಬ್ಬುಗಳದ್ದೂ ಅದೇ ಹಾಡು. ಛೆಟ್ರಿಗೆ ಅದರಿಂದ ಅಡಿಗೆಮನೆ ತಣ್ಣಗಾಗಲಿಕ್ಕಿಲ್ಲ. ಆದರೆ ಬೆಂಚಿನ ಮೇಲೆ ಕೂರುವ ಇಪ್ಪತ್ತೆರಡರ ಹುಡುಗನಿಗೆ, ಬೂಟು ಒರೆಸುವ ಸಹಾಯಕನಿಗೆ?

ಕೆಳಗಿನ ಸಾಲಿನಲ್ಲಿ ಬದುಕುವ ಬಗೆ ಹೇಗೆಂಬುದಕ್ಕೆ ಸ್ಕಾಟ್ಲೆಂಡನ್ನು ನೋಡಬೇಕು. ನಮ್ಮವರಿಗೆ ಅದು ಪೂರ್ತಿ ಅಪರಿಚಿತ ನಾಡೂ ಅಲ್ಲ. 1936ರಲ್ಲಿಯೇ ಕಲ್ಕತ್ತೆಯ ಮಹಮ್ಮದ್ ಸಲೀಂ ಎಂಬವರು ಬೂಟಿಲ್ಲದ ಕಾಲಿಗೆ ಪಟ್ಟಿ ಸುತ್ತಿಕೊಂಡು ಅಲ್ಲಿನ ಸೆಲ್ಟಿಕ್ ಕ್ಲಬ್ಬಿನ ಎರಡನೆಯ ತಂಡಕ್ಕೆ ಎರಡು ಪಂದ್ಯ ಆಡಿ ಬೆರಗುಗೊಳಿಸಿದ್ದರು. ಆ ಪುಟ್ಟ ದೇಶದಲ್ಲಿ ನಾಲ್ಕು ದರ್ಜೆಗಳಲ್ಲಿ 42 ಕ್ಲಬ್ಬುಗಳು. ಕೆಳಗಿನ ಎರಡು ದರ್ಜೆಗಳಲ್ಲಿ ಬಹಳಷ್ಟು ಆಟಗಾರರು ಹಗಲು ಬೇರೆ ಉದ್ಯೋಗ ಮಾಡಿ, ವಾರಕ್ಕೆ ಎರಡು ಸಂಜೆ ಅಭ್ಯಾಸ ಮಾಡಿ, ಶನಿವಾರ ಆಡುವವರು. ಸೆಲ್ಟಿಕ್ ತಂಡವೇ ಕುಳ್ಳನೆಂದು ಕೈಬಿಟ್ಟ ಆ್ಯಂಡಿ ರಾಬರ್ಟ್‌ಸನ್ ಎಂಬ ಹುಡುಗ 2012ರಲ್ಲಿ ಕ್ವೀನ್ಸ್ ಪಾರ್ಕ್ ಸೇರಿದ. 1867ರಷ್ಟು ಹಳೆಯ ಕ್ಲಬ್ಬು, ಆಗ ನಾಲ್ಕನೆಯ ದರ್ಜೆ. ಆಟಗಾರರಿಗೆ ಸಂಬಳವೇ ಇಲ್ಲದ ಹವ್ಯಾಸಿ ತಂಡ. 2019ರ ತನಕವೂ ಅದು ಹಾಗೆಯೇ ಉಳಿದಿತ್ತು. ಹುಡುಗ ಹ್ಯಾಂಪ್ಡನ್ ಕ್ರೀಡಾಂಗಣದ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸ ಮಾಡುತ್ತ ಆಡಿದ. ಮರುವರ್ಷ ಡಂಡಿ ಯುನೈಟೆಡ್, 2014ರಲ್ಲಿ ಇಂಗ್ಲೆಂಡಿನ ಹಲ್, 2017ರಲ್ಲಿ ಲಿವರ್‌ಪೂಲ್, 2019ರಲ್ಲಿ ಯುರೋಪಿನ ಅತಿ ದೊಡ್ಡ ಕಪ್ಪು. ಪತ್ರಿಕೆಗಳು ಇದನ್ನು ಚಂದಮಾಮದ ಕಥೆಯಂತೆ ಬರೆಯುತ್ತವೆ. ನಾವು ನೋಡಬೇಕಾದದ್ದು ಆ ವರ್ಷ ಅದೇ ಕ್ವೀನ್ಸ್ ಪಾರ್ಕಿನಲ್ಲಿ ಅವರ ಪಕ್ಕದಲ್ಲಿ ಆಡಿದ ಉಳಿದ ಹತ್ತು ಮಂದಿಯನ್ನು. ಹಗಲಿನ ಉದ್ಯೋಗವೇ ಅಂಥವರ ಆಧಾರ. ಅದರಲ್ಲಿ ಅವಮಾನವೇನೂ ಇಲ್ಲ.

ನಮ್ಮಲ್ಲಿ ಆ ಆಧಾರ ಒಂದು ಕಾಲಕ್ಕೆ ಇನ್ನೂ ಚೆನ್ನಾಗಿತ್ತು. ಬೆಂಗಳೂರಿನ ಐಟಿಐ, ಎಚ್‌ಎಎಲ್. ಕೇರಳದಲ್ಲಿ ಪೊಲೀಸ್, ವಿದ್ಯುತ್ ಮಂಡಳಿ, ಬ್ಯಾಂಕು. ಆಡುವಷ್ಟು ದಿನ ಆಟ, ಕಾಲು ಸೋತ ಮೇಲೆ ಅದೇ ಕಚೇರಿಯಲ್ಲಿ ಕುರ್ಚಿ, ಕೊನೆಗೆ ಪಿಂಚಣಿ. ತೃಶ್ಶೂರಿನ ಕ್ರೀಡಾಂಗಣದಲ್ಲಿ ಸೋಡಾ ಮಾರುತ್ತಿದ್ದ ಐ.ಎಂ. ವಿಜಯನ್ ಅವರಿಗೆ ಹದಿನೇಳನೇ ವಯಸ್ಸಿನಲ್ಲಿ ಕೈಹಿಡಿದದ್ದು ಕೇರಳ ಪೊಲೀಸ್ ತಂಡ. 2025ರಲ್ಲಿ ಅವರು ಅದೇ ಇಲಾಖೆಯಿಂದ ಅಧಿಕಾರಿಯಾಗಿ ನಿವೃತ್ತರಾದರು. ನಮ್ಮದೇ ಜಿಲ್ಲೆಯ ತೃಕ್ಕರಿಪುರದ ಮಹಮ್ಮದ್ ರಾಫಿಯವರು ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ ತಂಡದಲ್ಲಿ ಬೆಳೆದವರು. 2009-10ರ ಐ-ಲೀಗಿನಲ್ಲಿ ಮಹೀಂದ್ರ ಯುನೈಟೆಡ್ ಪರವಾಗಿ 14 ಗೋಲು ಹೊಡೆದು ಭಾರತೀಯರಲ್ಲಿ ಮೊದಲಿಗರಾದರು. ಆ ಋತು ಮುಗಿದೊಡನೆ ಮಹೀಂದ್ರದವರು ತಂಡವನ್ನೇ ಮುಚ್ಚಿದರು! ಮುಂದೆ 2016ರ ಅಂತಿಮ ಪಂದ್ಯದಲ್ಲಿ ಕೊಚ್ಚಿಯ ಜನಸಾಗರದೆದುರು ಬ್ಲಾಸ್ಟರ್ಸಿಗೆ ತಲೆಯಿಂದ ಗೋಲು ಮಾಡಿದ್ದೂ ಅವರೇ. ಅವರನ್ನು ಬೆಳೆಸಿದ ಬ್ಯಾಂಕು 2017ರಲ್ಲಿ ದೊಡ್ಡ ಬ್ಯಾಂಕಿನೊಳಗೆ ಸೇರಿಹೋಯಿತು.

"ಮಾಷ್ಟ್ರೇ, ಇವನ ಆಟದಿಂದ ಹೊಟ್ಟೆ ತುಂಬೀತೇ?" ಎಂದು ಕೇಳುವ ತಂದೆತಾಯಿಯರಿಗೆ ನಾವು ಇಷ್ಟೆಲ್ಲ ಪುರಾಣ ಹೇಳುವುದಿಲ್ಲ. ಆದರೆ ಸುಳ್ಳನ್ನೂ ಹೇಳುವುದಿಲ್ಲ. ಕೇರಳದಲ್ಲಿ ಕ್ರೀಡಾ ಮೀಸಲಾತಿಯ ಮೇಲೆ ಸರಕಾರಿ ನೌಕರಿಗೆ ವರ್ಷಕ್ಕೆ 50 ಹುದ್ದೆ. ಅದಕ್ಕೆ ಎಲ್ಲ ಆಟಗಳವರೂ, ಹದಿನಾಲ್ಕು ಜಿಲ್ಲೆಗಳವರೂ ಸ್ಪರ್ಧಿಗಳು. ಇನ್ನು ಸರಕಾರಿ ಕ್ರೀಡಾ ಶಾಲೆಗೆ ಕಳುಹಿಸೋಣವೆಂದರೆ, ತಿರುವನಂತಪುರದ ಜಿ.ವಿ. ರಾಜಾ ಶಾಲೆಯಲ್ಲಿ ಕನ್ನಡ ಮಾಧ್ಯಮವಿಲ್ಲ. ಜಯಸಿಂಗಪುರದ ಕನ್ನಡ ಮನೆಯ ಹುಡುಗ ಪುಣೆಗೆ ಹೋದರೂ ಇದೇ ಪಾಡು. ಮಗು ಚೆಂಡನ್ನು ಹಿಡಿಯಬೇಕಾದರೆ ಪುಸ್ತಕದ ಭಾಷೆಯನ್ನು ಬಿಡಬೇಕು. ಹತ್ತನೆಯ ಕ್ಲಾಸಿನವರೆಗೆ ಇಲ್ಲಿಯೇ ಓದಲಿ ಎಂದು ಕೆಲವರು ನಿಲ್ಲಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ತರಬೇತಿಯ ವಯಸ್ಸು ದಾಟಿರುತ್ತದೆ. ಧೈರ್ಯ ಮಾಡಿ ಕಳುಹಿಸಿದವರನ್ನೂ ನಾವು ಆಕ್ಷೇಪಿಸಲಾರೆವು.

ಕಳುಹಿಸುವವರು ಒಂದು ಕೆಲಸವನ್ನಂತೂ ಮಾಡಲೇಬೇಕು. ಉಪಜಿಲ್ಲಾ, ಜಿಲ್ಲಾ, ರಾಜ್ಯ ಮಟ್ಟದಲ್ಲಿ ಮಗು ಆಡಿದ ಒಂದೊಂದು ಪ್ರಮಾಣಪತ್ರವನ್ನೂ ಹೆಸರು, ಹುಟ್ಟಿದ ದಿನ ಶಾಲೆಯ ದಾಖಲೆಗೆ ಸರಿಹೊಂದುವಂತೆ ಅಂದಂದೇ ತಿದ್ದಿಸಿ, ಮಳೆನೀರು ತಾಗದಲ್ಲಿ ತೆಗೆದಿಡಬೇಕು. ನಮ್ಮ ಮಕ್ಕಳ ಹೆಸರು ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಮೂರು ರೂಪ ತಾಳುತ್ತದೆ. ಗೋಲು ಹೊಡೆದವನು ಇವನೇ ಎಂದು ಕಚೇರಿಯ ಮೇಜಿನ ಮುಂದೆ ರುಜುಪಡಿಸಬೇಕಾಗಿ ಬಂದಾಗ ಕ್ರೀಡಾಂಗಣದಲ್ಲಿ ಚಪ್ಪಾಳೆ ತಟ್ಟಿದ ಸಾವಿರ ಮಂದಿಯಲ್ಲಿ ಒಬ್ಬರೂ ಸಾಕ್ಷಿಗೆ ಬರುವುದಿಲ್ಲ.